ಸೊಪ್ಪಿನ ಬುಟ್ಟಿ ಅವರ ಮುಂದೇ ಇರಲಿ

(ಕಲಬುರಗಿಯಲ್ಲಿ ಹಿರಿಯರು, ಅವರ ಮಕ್ಕಳು ಮತ್ತು ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವವರು ಕೂಡಿದ್ದ ಸಭೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು. ಮುಂದಿನ ಸಾಲಿನಲ್ಲಿ ಕೂತಿರುವ ಮುತ್ಯಾಗಳಿಗೆ, ಆಯಿಗಳಿಗೆ ನನ್ನ ಮಾತು ಕೇಳಿಸುತ್ತಿದೆಯಾ? ಕೇಳಿಸದಿದ್ದರೆ ಕೈ ಎತ್ತಿ, ಮೈಕ್ ಹತ್ತಿರ ಹಿಡಿಯುತ್ತೇನೆ. ಕಿವಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಸಣ್ಣ ವಿಷಯ ಅಲ್ಲ.

ವೃದ್ಧಾಶ್ರಮಗಳಲ್ಲಿ ಮತ್ತು ಹಿರಿಯರ ವಸತಿಗಳಲ್ಲಿ ಇರುವವರ ಆರೋಗ್ಯದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಅದರಲ್ಲಿ ಬಿಪಿ, ಶುಗರ್, ಮೊಣಕಾಲು, ನಿದ್ದೆ ಎಲ್ಲಾ ಬರುತ್ತದೆ. ಆದರೆ ನಾನು ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ. ಹಿರಿಯರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ನಾವು ಅವರ ಕೈಯಿಂದ ಕಿತ್ತುಕೊಳ್ಳುತ್ತಿದ್ದೇವೆ. ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತೇವೆ, ಮರ್ಯಾದೆ ಕೊಡುತ್ತಿದ್ದೇವೆ ಅಂದುಕೊಂಡೇ ಕಿತ್ತುಕೊಳ್ಳುತ್ತೇವೆ. ಆದರೂ ಅದರಿಂದ ಅವರ ಕಾಲು ಸೋಲುತ್ತದೆ, ಹಸಿವು ಸಾಯುತ್ತದೆ, ಮನಸ್ಸು ಮಂಕಾಗುತ್ತದೆ.

ನಮ್ಮ ಭಾಗದ ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಸೇರಿದ್ದಾರೆ. ತಂದೆ ತಾಯಿ ಇಲ್ಲೇ ಉಳಿದಿದ್ದಾರೆ. ಅವರನ್ನು ವೃದ್ಧಾಶ್ರಮಕ್ಕೆ ಬಿಟ್ಟ ಮಕ್ಕಳನ್ನು ಬೈಯುವ ಭಾಷಣ ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಅದನ್ನು ಮಾಡುವುದಿಲ್ಲ. ಅಲ್ಲಿ ಇರುವವರು ಚೆನ್ನಾಗಿ ಇರಬೇಕು, ಅಷ್ಟೇ ನನ್ನ ಕಾಳಜಿ.

ಒಬ್ಬರ ಕಥೆ ಹೇಳುತ್ತೇನೆ. ಆಳಂದ ಕಡೆಯ ರೈತರು. ಎಪ್ಪತ್ತೈದು ದಾಟಿದ್ದರು. ತೊಗರಿ ಹೊಲದಲ್ಲಿ ಜೀವನ ಕಳೆದವರು. ಹೆಂಡತಿ ತೀರಿಕೊಂಡ ಮೇಲೆ ಮಗ ಇಲ್ಲಿ ಒಂದು ವಸತಿಗೆ ಸೇರಿಸಿದ. ಬಂದಾಗ ಕೋಲು ಕೂಡ ಇರಲಿಲ್ಲ. ಅಲ್ಲಿಯ ಹುಡುಗರು ಬಹಳ ಒಳ್ಳೆಯವರು. ಚಹಾ ಮಂಚಕ್ಕೇ ಬರುತ್ತಿತ್ತು, ಊಟ ಮಂಚಕ್ಕೇ ಬರುತ್ತಿತ್ತು. ಸ್ನಾನಕ್ಕೆ ಹೋಗುವಾಗ ಗಾಲಿ ಕುರ್ಚಿ. 'ನೀವು ಏಳಬ್ಯಾಡ್ರಿ ಮುತ್ಯಾ, ನಾವು ಇದ್ದೀವಲ್ಲ' ಅನ್ನುತ್ತಿದ್ದರು. ಕೆಲವು ತಿಂಗಳಲ್ಲಿ ಅವರಿಗೆ ಹಿಡಿದುಕೊಳ್ಳದೆ ಏಳಲು ಆಗದ ಹಾಗಾಯಿತು. ಮಗನಿಗೆ ಫೋನ್ ಹೋಯಿತು, 'ವಯಸ್ಸಾಯಿತು, ಕಾಲು ಬಿದ್ದವು' ಅಂತ. ನಾನು ನೋಡಿದೆ. ಪಾರ್ಶ್ವವಾಯು ಇರಲಿಲ್ಲ, ಮೂಳೆ ಮುರಿದಿರಲಿಲ್ಲ. ತೊಡೆಗಳು ಸೊರಗಿದ್ದವು.

ಇದಕ್ಕೆ ಲೆಕ್ಕ ಇದೆ. ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದರು, 2007ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ, ಸರಾಸರಿ 67 ವರ್ಷದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲೇ ಅವರ ಎರಡು ಕಾಲುಗಳಿಂದ ಹೆಚ್ಚು ಕಡಿಮೆ 1 ಕೆಜಿ ಮಾಂಸಖಂಡ ಕರಗಿತ್ತು. ಜ್ವರ ಇಲ್ಲ, ರೋಗ ಇಲ್ಲ, ಊಟಕ್ಕೆ ಕೊರತೆ ಇಲ್ಲ. ಬರೀ ಮಲಗಿದ್ದಕ್ಕೆ ಹೀಗಾಯಿತು. ತಿಂಗಳುಗಟ್ಟಲೆ ಮಂಚದ ಮೇಲೇ ಕೂರಿಸಿದರೆ ಏನಾಗಬಹುದು, ನೀವೇ ಯೋಚಿಸಿ.

ಹೋದ ಬಲ ಮತ್ತೆ ಬರುತ್ತದಾ? ಬರುತ್ತದೆ. ಇದನ್ನು ನಾನು ಎಲ್ಲಾ ಕಡೆ ಹೇಳುತ್ತೇನೆ, ಯಾಕಂದರೆ ಯಾರೂ ನಂಬುವುದಿಲ್ಲ. ಮರಿಯಾ ಫಿಯಾಟರೋನ್ ಅನ್ನುವ ವೈದ್ಯೆ ಮತ್ತು ಅವರ ಜೊತೆಯವರು ಬಾಸ್ಟನ್‌ನ ಒಂದು ವೃದ್ಧರ ಕೇಂದ್ರದಲ್ಲಿ 90ರ ಆಸುಪಾಸಿನ, ಬಹಳ ನಿಶ್ಶಕ್ತರಾಗಿದ್ದ 10 ಜನರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಹಗುರ ಭಾರ ಅಲ್ಲ, ಅವರ ಶಕ್ತಿಗೆ ತಕ್ಕಂತೆ ಜಾಸ್ತಿಯೇ. 8 ವಾರ ಪೂರ್ತಿ ಮಾಡಿದವರು 9 ಜನ. ಅವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ಇಬ್ಬರು ಕೋಲು ಬಿಟ್ಟು ನಡೆಯಲು ಶುರು ಮಾಡಿದರು. ಇದು 1990ರಲ್ಲೇ ವರದಿಯಾದ ವಿಷಯ. ಗುಂಪು ಚಿಕ್ಕದು, ನಿಜ. ಆದರೆ ಆಮೇಲೆ ನಡೆದ ಎಷ್ಟೋ ಅಧ್ಯಯನಗಳೂ ಇದೇ ಮಾತು ಹೇಳಿವೆ. ತೊಂಬತ್ತರಲ್ಲೂ ಮಾಂಸಖಂಡ ದುಡಿಸಿದರೆ ದುಡಿಯುತ್ತದೆ.

ನಮ್ಮ ಆಳಂದದ ಮುತ್ಯಾಗೆ ಯಂತ್ರ ಏನೂ ತರಲಿಲ್ಲ. ಕೈ ಇರುವ ಗಟ್ಟಿ ಕುರ್ಚಿ ಗೋಡೆಗೆ ಒತ್ತಿ ಇಟ್ಟೆವು. ಅದರಿಂದ ಏಳುವುದು, ಕೂರುವುದು. ಮೊದಮೊದಲು ಕೈ ಊರಿ, ಆಮೇಲೆ ಕೈ ಎದೆಗೆ ಕಟ್ಟಿಕೊಂಡು. ಐದು ಸಲ ಮಾಡುವುದು, ದಣಿವಾರಿಸಿಕೊಳ್ಳುವುದು, ಮತ್ತೆ ಐದು ಸಲ. ಊಟಕ್ಕೆ ಅವರೇ ನಡೆದು ಹೋಗಬೇಕು ಅಂತ ಹುಡುಗರಿಗೆ ಹೇಳಿದೆ. ಅವರಿಗೆ ಬೇಜಾರಾಯಿತು. 'ಸರ್, ನೋಡಿದವರು ನಮಗ ಬೈತಾರ್ರಿ, ಮುದುಕರನ್ನ ನಡೆಸ್ತಾರ ಅಂತ' ಅಂದರು. ಅವರ ಭಯ ಸುಳ್ಳಲ್ಲ. ಭೇಟಿಗೆ ಬಂದ ಮಗಳು ತನ್ನ ತಾಯಿ ತಾನೇ ತಟ್ಟೆ ತೊಳೆಯುವುದನ್ನು ನೋಡಿದರೆ ಆಫೀಸಿಗೆ ಹೋಗಿ ಜಗಳ ಮಾಡುತ್ತಾಳೆ. 'ದುಡ್ಡು ಕೊಡ್ತೀವಲ್ಲ' ಅನ್ನುತ್ತಾಳೆ. ಹಾಗಾಗಿ ಇದು ಸಿಬ್ಬಂದಿಗೆ ಮಾತ್ರ ಹೇಳುವ ಮಾತಲ್ಲ. ಮಕ್ಕಳೇ, ನಿಮಗೂ ಹೇಳುತ್ತಿದ್ದೇನೆ. ನಿಮ್ಮ ತಾಯಿ ತನ್ನ ತಟ್ಟೆ ತೊಳೆದರೆ ಸಂತೋಷಪಡಿ.

ಮುತ್ಯಾ ಈಗ ಕೋಲು ಹಿಡಿದು ನಡೆಯುತ್ತಾರೆ. ಮೊದಲಿನ ಹಾಗೆ ಕೋಲು ಇಲ್ಲದೆ ಆಗಲಿಲ್ಲ. ಆದರೆ ಸಂಡಾಸಿಗೆ ಯಾರನ್ನೂ ಕರೆಯುವುದಿಲ್ಲ. ಆ ಒಂದು ಮಾತಿನ ಬೆಲೆ ಏನು ಅಂತ ಇಲ್ಲಿ ಕೂತಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಈಗ ಹೆಣ್ಣುಮಕ್ಕಳ ಮಾತು. ನಮ್ಮ ಆಯಿಗಳು ಐವತ್ತು ವರ್ಷ ರೊಟ್ಟಿ ಬಡಿದವರು. ಜೋಳ ಹಸನು ಮಾಡಿದವರು, ಪಲ್ಲೆ ಸೋಸಿದವರು, ಹಪ್ಪಳ ಸಂಡಿಗೆ ಹಾಕಿದವರು. ವೃದ್ಧಾಶ್ರಮದ ಬಾಗಿಲು ದಾಟಿದ ದಿನದಿಂದ ಅವರಿಗೆ ಯಾವ ಕೆಲಸವೂ ಇಲ್ಲ. ಟಿವಿ ಮುಂದೆ ಕುರ್ಚಿ. ಬಹಳ ಜನ ಅದನ್ನು ವಿಶ್ರಾಂತಿ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಾನು ಹೋಗುವ ಒಂದು ಕಡೆ ಅಡುಗೆಯವರು ಬೆಳಿಗ್ಗೆ ಪುಂಡಿಪಲ್ಲೆ, ಮೆಂತ್ಯದ ಸೊಪ್ಪಿನ ಬುಟ್ಟಿ ತಂದು ಆಯಿಗಳ ಮಧ್ಯೆ ಇಡುತ್ತಾರೆ. ಬೇಕಾದವರು ಸೋಸುತ್ತಾರೆ, ಬೇಡವಾದವರು ಮಾತಾಡುತ್ತಾ ಕೂರುತ್ತಾರೆ. ಒತ್ತಾಯ ಇಲ್ಲ. ಬೆರಳಿಗೆ ಕೆಲಸ, ಕಣ್ಣಿಗೆ ಕೆಲಸ, ಬಾಯಿಗೂ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನ ಆ ಪಲ್ಲೆ ತಟ್ಟೆಗೆ ಬಂದಾಗ ಅದು ಅವರದ್ದು.

ಇದರ ಮೇಲೂ ಅಧ್ಯಯನ ನಡೆದಿದೆ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಕೇಂದ್ರದಲ್ಲಿ ಮಾಡಿದ್ದು, 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯವರಿಗೆ, 'ನಿಮ್ಮ ಕೋಣೆ ಹೇಗಿರಬೇಕು ನೀವೇ ನೋಡಿಕೊಳ್ಳಿ, ಸಿನಿಮಾ ಯಾವ ದಿನ ನೋಡಬೇಕು ನೀವೇ ಹೇಳಿ, ಈ ಗಿಡ ಆರಿಸಿಕೊಂಡು ನೀವೇ ಸಾಕಿ' ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್. ಸಿನಿಮಾದ ದಿನವನ್ನೂ ಸಿಬ್ಬಂದಿಯೇ ಗೊತ್ತು ಮಾಡಿದರು. ಮೂರು ವಾರದಲ್ಲೇ ಮೊದಲ ಮಹಡಿಯವರು ಜಾಸ್ತಿ ಚುರುಕಾಗಿದ್ದರು, ಜನರ ಜೊತೆ ಜಾಸ್ತಿ ಬೆರೆಯುತ್ತಿದ್ದರು, ತಾವು ಖುಷಿಯಾಗಿದ್ದೇವೆ ಅಂತಲೂ ಹೇಳಿದರು. ಎರಡೂ ಮಹಡಿಯವರು ಇದ್ದದ್ದು ಅದೇ ಒಂದು ಕೇಂದ್ರದಲ್ಲಿ.

ಹಾಗಂತ ಆಶ್ರಮದ ಎಲ್ಲಾ ಕೆಲಸ ಹಿರಿಯರಿಗೆ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಸಿಬ್ಬಂದಿ ಕಡಿಮೆ ಇದೆ ಅಂತ ಮುದುಕಿಯ ಕೈಲಿ ನೆಲ ಒರೆಸಿದರೆ ಅದು ಅನ್ಯಾಯ. ಬೇಕು ಅಂದವರಿಗೆ ಕೆಲಸ ಸಿಗಬೇಕು, ಬೇಡ ಅಂದರೆ ಬಿಡಬೇಕು. ಎಷ್ಟು ಗಂಟೆಗೆ ಏಳುವುದು, ಯಾವ ಸೀರೆ ಉಡುವುದು, ಇವತ್ತು ಸ್ನಾನ ಬೇಕೋ ಬೇಡವೋ ಅನ್ನುವುದು ಅವರ ಬಾಯಿಂದಲೇ ಬರಬೇಕು.

ಊಟಕ್ಕೆ ಬರೋಣ. ವಯಸ್ಸಾದ ಮೇಲೆ ಹೊಟ್ಟೆ ಚಿಕ್ಕದಾಗುತ್ತದೆ, ಕಡಿಮೆ ತಿಂದರೆ ಸಾಕು ಅನ್ನುತ್ತಾರೆ. ಅನ್ನ ಕಡಿಮೆಯಾದರೆ ಪರವಾಗಿಲ್ಲ. ಪ್ರೋಟೀನ್ ಮಾತ್ರ ಕಡಿಮೆಯಾಗಬಾರದು, ಹಿರಿಯರಿಗೆ ಅದು ಸ್ವಲ್ಪ ಜಾಸ್ತಿಯೇ ಬೇಕು. ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಮೈ ತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಅಂತ ತಜ್ಞರು ಹೇಳುತ್ತಾರೆ. 60 ಕೆಜಿ ಇದ್ದವರಿಗೆ ಕನಿಷ್ಠ 60 ಗ್ರಾಂ. ಇದಕ್ಕೆ ಡಬ್ಬಿಯ ಪೌಡರ್ ಬೇಕಾಗಿಲ್ಲ. ನಮ್ಮ ತಟ್ಟೆಯಲ್ಲೇ ಇದೆ. ಎರಡು ಹೊತ್ತು ಸೇರಿ ನಾಲ್ಕು ಜೋಳದ ರೊಟ್ಟಿ ತಿಂದರೆ ಸುಮಾರು 20 ಗ್ರಾಂ. ಎರಡು ಬಟ್ಟಲು ಗಟ್ಟಿ ತೊಗರಿ ಬ್ಯಾಳಿ 14. ಎರಡು ಚಮಚೆ ಶೇಂಗಾ ಹಿಂಡಿ 5. ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಸೇರಿ 13. ಒಂದು ತತ್ತಿ 6. ಒಟ್ಟು 58 ಆಯಿತು, ಉಳಿದ ಚೂರು ಪಲ್ಲೆ, ಅನ್ನದಿಂದ ಬರುತ್ತದೆ. ತತ್ತಿ ತಿನ್ನದವರು ಒಂದು ಹೊತ್ತಿನ ಪಲ್ಲೆಯ ಬದಲು ಕಡಲೆ ಹಿಟ್ಟಿನ ಝುಣಕ ಮಾಡಿಸಿಕೊಳ್ಳಿ.

ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಭಾಗದ್ದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ದೇಶಕ್ಕೆಲ್ಲಾ ಬ್ಯಾಳಿ ಕಳಿಸುವ ಊರಿನ ವೃದ್ಧಾಶ್ರಮದಲ್ಲಿ ನೀರಿನಂಥ ಸಾರು ಬಡಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೆಳಿಗ್ಗೆ ಚಹಾ ಬಿಸ್ಕಿಟ್, ಮಧ್ಯಾಹ್ನ ಅನ್ನ ಸಾರು, ಸಂಜೆ ಚಹಾ ಬಿಸ್ಕಿಟ್, ರಾತ್ರಿ ಮತ್ತೆ ಅನ್ನ ಸಾರು. ಹೊಟ್ಟೆ ತುಂಬುತ್ತದೆ, ತೊಡೆ ಸೊರಗುತ್ತದೆ.

'ಹಲ್ಲಿಲ್ಲ, ರೊಟ್ಟಿ ಹೆಂಗ ತಿನ್ನಲಿ' ಅಂತ ಆಯಿಗಳು ಕೇಳುತ್ತಾರೆ. ಖಡಕ್ ರೊಟ್ಟಿ ಬೇಡ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಎಣ್ಣೆ ಹಾಕಿ ಮುಟಗಿ ಮಾಡಿ. ರೊಟ್ಟಿ ಮುರಿದು ಬ್ಯಾಳಿಯಲ್ಲೋ ಹಾಲಿನಲ್ಲೋ ನೆನೆಸಿ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ. ಇದೆಲ್ಲಾ ನಾನು ಕಲಿಸಿದ್ದಲ್ಲ, ಇಲ್ಲಿ ಕೂತಿರುವ ಆಯಿಗಳಿಗೇ ಗೊತ್ತಿರುವುದು. ಅಡುಗೆಯವರು ಅವರನ್ನು ಕೇಳಬೇಕು, ಅಷ್ಟೇ. ಹಾಗೇ ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿ. ಹಲ್ಲಿನ ಸೆಟ್ ಸಡಿಲಾಗಿ, ಅದನ್ನು ಡಬ್ಬಿಯಲ್ಲೇ ಇಟ್ಟುಬಿಟ್ಟವರು ಬಹಳ ಜನ ಇದ್ದಾರೆ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಬಿಸಿಲು ಜಾಸ್ತಿ ಅಂತ ನಮ್ಮ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಆದರೆ ಎಷ್ಟೋ ವೃದ್ಧಾಶ್ರಮಗಳಲ್ಲಿ ಜನವರಿಯ ವೇಳಾಪಟ್ಟಿಯೇ ಮೇ ತಿಂಗಳಲ್ಲೂ ನಡೆಯುತ್ತದೆ. ನಡಿಗೆ, ವ್ಯಾಯಾಮ ಎಲ್ಲಾ ಬೇಸಿಗೆಯಲ್ಲಿ ಹೊತ್ತು ಏರುವ ಮೊದಲೇ ಮುಗಿಯಬೇಕು.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ, ಆದರೂ ಕುಡಿಯಬೇಕು ಅನಿಸುವುದಿಲ್ಲ. ಅದರ ಮೇಲೆ ಇನ್ನೊಂದು ಕಾರಣ ಇದೆ, ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ರಾತ್ರಿ ಏಳಬೇಕಾಗುತ್ತದೆ ಅಂತ ಬೇಕೆಂದೇ ನೀರು ಬಿಡುತ್ತಾರೆ. ಕತ್ತಲಲ್ಲಿ ಎದ್ದರೆ ಬೀಳುವ ಭಯ, ಯಾರನ್ನಾದರೂ ಎಬ್ಬಿಸಲು ಸಂಕೋಚ. ಹಾಗಾಗಿ ನೀರು ಕುಡಿಯಿರಿ ಅಂತ ಬರೀ ಗದರಿಸಿದರೆ ಆಗುವುದಿಲ್ಲ. ಸಂಡಾಸಿನ ದಾರಿಗೆ ರಾತ್ರಿಯೆಲ್ಲಾ ಒಂದು ಸಣ್ಣ ದೀಪ ಹಾಕಿ. ಸಂಡಾಸಿನ ಗೋಡೆಗೆ ಹಿಡಿದುಕೊಳ್ಳಲು ಗಟ್ಟಿ ಸರಳು ಹಾಕಿಸಿ. ನೀರಿನ ಹೆಚ್ಚಿನ ಪಾಲು ಸಂಜೆಯೊಳಗೆ ಕುಡಿಸಿ. ಮಜ್ಜಿಗೆ, ಅಂಬಲಿ, ನಿಂಬೆ ಶರಬತ್ತು, ಏನು ಇಷ್ಟವೋ ಅದು. ಹಾರ್ಟ್ ಅಥವಾ ಕಿಡ್ನಿ ತೊಂದರೆ ಇದ್ದು ನೀರಿಗೆ ಮಿತಿ ಹೇಳಿಸಿಕೊಂಡವರು ಮಾತ್ರ ತಮ್ಮ ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಗಾಳಿಯೇ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಹಾಕಿದರೆ ಮೈ ತಂಪಾಗುವುದಿಲ್ಲ, ಬಿಸಿ ಗಾಳಿ ಬಡಿಯುತ್ತದೆ. ಕೂಲರ್ ಬೇಕು, ಇಲ್ಲವಾದರೆ ಕುತ್ತಿಗೆಗೆ, ಕೈಗೆ ಒದ್ದೆ ಬಟ್ಟೆ ಬೇಕು. ಬಿಸಿಲಿನ ದಿನ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ತಡವರಿಸಿ ಮಾತಾಡಿದರೆ, ಏನೇನೋ ಅಂದರೆ, ಮೈ ಸುಡುತ್ತಿದ್ದರೆ, 'ಅರಳು ಮರಳು' ಅಂತ ಬಿಡಬೇಡಿ. ಬಿಸಿಲ ಹೊಡೆತ ಇರಬಹುದು. ನೆರಳಿಗೆ ತನ್ನಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ಸರಿಯಾಗಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೇಸಿಗೆಗೂ ಗುಳಿಗೆಗೂ ನಂಟಿದೆ. ಮೊಣಕಾಲು ನೋವಿಗೆ ಔಷಧದ ಅಂಗಡಿಯಿಂದ ಸುಮ್ನೆ ತಂದು ನುಂಗುವ ನೋವಿನ ಗುಳಿಗೆ, ಮೂತ್ರ ಜಾಸ್ತಿ ಮಾಡಿಸುವ ಬಿಪಿ ಗುಳಿಗೆ, ಅದರ ಜೊತೆ ಕೆಲವು ಬೇರೆ ಬಿಪಿ ಗುಳಿಗೆಗಳು, ಇವು ಒಟ್ಟಿಗೆ ಸೇರಿ, ಮೈಯಲ್ಲಿ ನೀರೂ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮಾರ್ಚ್ ತಿಂಗಳಲ್ಲಿ ಒಮ್ಮೆ ಎಲ್ಲಾ ಗುಳಿಗೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಬೇರೆ ಬೇರೆ ಡಾಕ್ಟರು ಬರೆದದ್ದು, ಪಕ್ಕದ ಮಂಚದವರು ಕೊಟ್ಟದ್ದು, ಗಿಡಮೂಲಿಕೆ, ಎಲ್ಲವನ್ನೂ ತೋರಿಸಿ. ಯಾವುದು ಈಗಲೂ ಬೇಕು ಅಂತ ಕೇಳಿ. ನೀವೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ನಿದ್ದೆ ಗುಳಿಗೆ ಮತ್ತು ನೆಗಡಿಗೆ ಕೊಡುವ ಕೆಲವು ಗುಳಿಗೆಗಳ ಬಗ್ಗೆ ಬೇರೆಯಾಗಿಯೇ ಕೇಳಿ. ಹಿರಿಯರಲ್ಲಿ ಅವು ಮಂಪರು ತರುತ್ತವೆ, ತಲೆ ಗೊಂದಲ ಮಾಡುತ್ತವೆ, ರಾತ್ರಿ ಬೀಳಿಸುತ್ತವೆ.

ಬೀಳುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಭಯ ಇದ್ದೇ ಇದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ 60 ದಾಟಿದವರೇ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಳೆಯುವ ಟೈಲ್ಸ್ ಮೇಲೆ ನೀರು ಬಿದ್ದರೆ ಕಾಣುವುದಿಲ್ಲ. ಹೊಸ ಕಟ್ಟಡ ಕಟ್ಟುವವರು ಬಚ್ಚಲಿಗೆ ನಮ್ಮ ಶಹಾಬಾದಿನ ಒರಟು ಫರ್ಸಿಯನ್ನೇ ಹಾಕಿಸಿ, ಪಾಲಿಶ್ ಮಾಡಿಸಬೇಡಿ. ಹಾಸಿಗೆಯಿಂದ ಎದ್ದ ಕೂಡಲೇ ನಡೆಯಬೇಡಿ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಆಮೇಲೆ ಏಳಿ. ಹಾಗಂತ ಬೀಳುತ್ತಾರೆ ಅಂತ ನಡೆಯುವುದನ್ನೇ ನಿಲ್ಲಿಸಿದರೆ ಬೀಳುವುದು ಇನ್ನೂ ಜಾಸ್ತಿಯಾಗುತ್ತದೆ.

ಕಿವಿಯ ವಿಷಯ ಆಮೇಲೆ ಅಂದಿದ್ದೆ. ಸರಿಯಾಗಿ ಕೇಳಿಸದವರು ಮೊದಲು ಮಾತು ಕಡಿಮೆ ಮಾಡುತ್ತಾರೆ, ಆಮೇಲೆ ಗುಂಪಿನಿಂದ ಎದ್ದು ಹೋಗುತ್ತಾರೆ. ಮರೆವಿನ ರೋಗದ ಬಗ್ಗೆ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವಿ ಮಂದವಾಗುವುದು ಅದರಲ್ಲಿ ಇದೆ, ಕಣ್ಣು ಮಂದವಾಗುವುದು ಇದೆ, ಒಂಟಿಯಾಗಿರುವುದೂ ಇದೆ, ಬಿಪಿ, ಶುಗರ್ ಇದ್ದೇ ಇವೆ. ಹಾಗಾಗಿ ಕಿವಿಯ ಮಷಿನ್, ಕಣ್ಣಿನ ಪೊರೆಯ ಆಪರೇಷನ್ನು 'ಈ ವಯಸ್ಸಿಗೆ ಯಾಕೆ' ಅಂತ ಮುಂದೂಡಬೇಡಿ. ಈ ವಯಸ್ಸಿಗೇ ಬೇಕು.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ಕಲಬುರಗಿಯ ಒಂದೇ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಎಲ್ಲಾ ಕೇಳುತ್ತವೆ. ಮರೆವು ಶುರುವಾದವರು ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಬಿಟ್ಟು ಮನೆಯ ಮಾತಿಗೆ ಹೋಗಿಬಿಡುತ್ತಾರೆ. ಒಬ್ಬ ಅಮ್ಮಾಜಾನ್ ಇದ್ದರು. ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ, ಎಲ್ಲರೂ ಬುದ್ಧಿ ಹೋಯಿತು ಅಂದುಕೊಂಡಿದ್ದರು. ಪಾತ್ರೆ ತೊಳೆಯಲು ಬರುವ ಹುಡುಗಿ ದಖನಿಯಲ್ಲಿ 'ಖಾನಾ ಖಾಯೇ ಕ್ಯಾ ಅಮ್ಮಾ', ಅಂದರೆ ಊಟ ಆಯಿತಾ ಅಮ್ಮಾ, ಅಂದ ದಿನ ಅವರು ಅರ್ಧ ಗಂಟೆ ಮಾತಾಡಿದರು. ಯಾರನ್ನಾದರೂ ಸೇರಿಸಿಕೊಳ್ಳುವಾಗ ಬಿಪಿ ಬರೆದುಕೊಳ್ಳುವ ಹಾಗೆ ಮನೆಮಾತನ್ನೂ ಬರೆದುಕೊಳ್ಳಿ.

ಮಕ್ಕಳಿಗೆ ಒಂದು ಬೇಡಿಕೆ. ಭೇಟಿಗೆ ಬಂದಾಗ ಆಫೀಸಿನಲ್ಲಿ ಮ್ಯಾನೇಜರ್ ಜೊತೆ ಮಾತಾಡಿ, ಹಣ್ಣಿನ ಚೀಲ ಇಟ್ಟು ಹೋಗಬೇಡಿ. ತಂದೆ ತಾಯಿಯನ್ನು ನಮ್ಮೂರಿನ 'ಅಪ್ಪನ ಕೆರೆ'ಯ ಹತ್ತಿರಕ್ಕೋ ಪಬ್ಲಿಕ್ ಗಾರ್ಡನ್ನಿಗೋ ಕರೆದುಕೊಂಡು ಹೋಗಿ, ಜೊತೆಗೆ ನಡೆಯಿರಿ. ಹೋಳಿ ಹುಣ್ಣಿಮೆ ಆದ ಮೇಲೆ ಶರಣಬಸವೇಶ್ವರರ ಜಾತ್ರೆಗೆ ಬನ್ನಿ, ಬಂದೇನವಾಜರ ಉರುಸಿಗೆ ಬನ್ನಿ, ಅವರನ್ನೂ ಕರೆದೊಯ್ಯಿರಿ. ಮನೆಯ ವಿಷಯದಲ್ಲಿ ಅವರ ಸಲಹೆ ಕೇಳಿ. ಹೊಲ ಯಾರಿಗೆ ಪಾಲಿಗೆ ಕೊಡಬೇಕು, ಮೊಮ್ಮಗಳ ಮದುವೆಗೆ ಯಾರನ್ನು ಕರೆಯಬೇಕು, ಇದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆ.

ಇಲ್ಲಿರುವ ಹಿರಿಯರಿಗೂ ಹೇಳುತ್ತೇನೆ. ಯಾರಾದರೂ ಕಾಡಿದರೆ, ಊಟ ಸರಿಯಾಗಿ ಕೊಡದಿದ್ದರೆ, ಮಕ್ಕಳು ಕೈ ಬಿಟ್ಟರೆ, 14567ಕ್ಕೆ ಫೋನ್ ಮಾಡಿ, ಆ ಕರೆಗೆ ದುಡ್ಡು ಬೀಳುವುದಿಲ್ಲ. ಅದು ಹಿರಿಯರ ಸಹಾಯವಾಣಿ. 2007ರ ಕಾಯ್ದೆಯ ಪ್ರಕಾರ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಉಪವಿಭಾಗಾಧಿಕಾರಿಗಳ ಹತ್ತಿರ ಅರ್ಜಿ ಹಾಕಬಹುದು. ಸಹಾಯ ಕೇಳುವುದರಲ್ಲಿ ನಾಚಿಕೆ ಇಲ್ಲ.

ಈಗ ಮಾತು ಸಾಕು. ಆ ಬಾಗಿಲ ಹತ್ತಿರ ಒಂದು ಕುರ್ಚಿ ಇಟ್ಟಿದ್ದೇವೆ. ಅಲ್ಲಿಂದ 3 ಮೀಟರಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದೆ. ಒಬ್ಬೊಬ್ಬರೇ ಬಂದು ಕೂರಿ. ನಾನು ಹೇಳಿದಾಗ ಎದ್ದು, ನಿಮ್ಮ ಮಾಮೂಲಿ ನಡಿಗೆಯಲ್ಲಿ ಗೆರೆಯ ತನಕ ಹೋಗಿ, ತಿರುಗಿ ಬಂದು ಕೂರಬೇಕು. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಿರಿ. ಪಕ್ಕದಲ್ಲಿ ನಮ್ಮ ಹುಡುಗಿ ಇರುತ್ತಾಳೆ, ಭಯ ಬೇಡ. ಓಡಬೇಡಿ, ಇದು ಪಂದ್ಯ ಅಲ್ಲ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದವರಿಗೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅವರ ಹೆಸರು ಬರೆದುಕೊಂಡು ಸೋಮವಾರದಿಂದ ಕುರ್ಚಿಯ ವ್ಯಾಯಾಮ ಶುರು ಮಾಡೋಣ. ಮೊದಲು ಯಾರು ಬರುತ್ತೀರಿ?